ಪರರ ಜಾಗದಲ್ಲಿ ಅಂಗಡಿ ಇಟ್ಟ ಹುಡುಗ

ಮೊನ್ನೆ ಸಂಜೆ ಮಂಡಿಪೇಟೆಯ ಒಂದು ಕಿರಾಣಿ ಅಂಗಡಿ ಮುಂದೆ ಹತ್ತಿಪ್ಪತ್ತು ಜನ ಸೇರಿದ್ದರು. ಎಣ್ಣೆ ಬೆಲೆ ಇಳಿದಿರಬೇಕೆಂದು ನಾವೂ ಇಣುಕಿದೆವು. ಎಣ್ಣೆ ಬೆಲೆ ಇಳಿದಿರಲಿಲ್ಲ. ಅಪ್ಪ-ಮಗನ ಜಗಳ ಏರಿತ್ತು.

"ಆರು ವರ್ಷ ಆತು ನೋಡ್ರಿ. ರಾತ್ರಿಯೆಲ್ಲಾ ಮೊಬೈಲ್ ಮುಂದೆ ಕುಂತು ಕಿರುಚ್ತಾನೆ. ಕೇಳಿದ್ರೆ ಚಾನೆಲ್ ಅಂತಾನೆ. ಹದಿನಾಲ್ಕು ಸಾವಿರ ಜನ ಅದಾರಂತೆ ಅದ್ರಾಗೆ. ಅಷ್ಟು ಜನದಾಗೆ ಒಬ್ನಾದ್ರೂ ಬಂದು ನಮ್ಮಲ್ಲಿ ಅರ್ಧ ಕೆ.ಜಿ. ಬೇಳೆ ತಗಂಡಾನಾ, ಕೇಳ್ರಿ!" ಎಂದು ಯಜಮಾನರು ನಮ್ಮನ್ನೇ ಸಾಕ್ಷಿಗೆ ಕರೆದರು.

ಮಗ ತಕ್ಕಡಿ ಪಕ್ಕದಿಂದಲೇ ಉತ್ತರ ಕೊಟ್ಟ. "ಅಪ್ಪಾಜಿ, ನಿಮ್ಮ ಉದ್ರಿ ಪುಸ್ತಕದಾಗೂ ಇನ್ನೂರು ಜನ ಅದಾರೆ. ಅವ್ರು ಕೊಟ್ಟಾರಾ?"

ನೆರೆದವರೆಲ್ಲ ನಕ್ಕರು. ಯಜಮಾನರು ನಗಲಿಲ್ಲ. ಆದರೆ ಹುಡುಗನ ಮಾತಿನಲ್ಲಿ ಹುರುಳಿದೆ ಎಂದು ನಮಗನ್ನಿಸಿತು. ಅಂಗಡಿಯವರ ಮಗ, ಲೆಕ್ಕ ಗೊತ್ತಿದೆ. ಮರುದಿನ ಅವನನ್ನು ಕರೆದು, ಮಂಡಕ್ಕಿ-ಮಿರ್ಚಿ ಮುಂದಿಟ್ಟುಕೊಂಡು, ಅವನ ನೋಟ್‌ಬುಕ್ಕನ್ನು ಪುಟ ಪುಟವಾಗಿ ನೋಡಿದೆವು. ಹೆಸರು ಹಾಕುವುದಿಲ್ಲ. ಹೆಸರು ಬಂದರೆ ಹೆಣ್ಣು ಕೊಡುವವರು ಹಿಂದೆ ಸರಿಯುತ್ತಾರೆಂಬುದು ತಾಯಿಯ ಆತಂಕ.

ಈಗ ಊರಿನ ಯಾವ ಓಣಿಗೆ ಹೋದರೂ ಇಂಥ ಒಬ್ಬ ಹುಡುಗ ಸಿಗುತ್ತಾನೆ. ಆದ್ದರಿಂದ ಇದು ಒಂದು ಮನೆಯ ಜಗಳವಲ್ಲ. ಹುಡುಗರು ಇದನ್ನು ದುಡಿಮೆ ಎನ್ನುತ್ತಾರೆ, ಹೆತ್ತವರು ಹಾಳು ಚಟ ಎನ್ನುತ್ತಾರೆ. ಎರಡೂ ಪೂರ್ತಿ ನಿಜವಲ್ಲ.

ಏನಿದು ಚಾನೆಲ್?

ಗೊತ್ತಿಲ್ಲದ ಹಿರಿಯರಿಗಾಗಿ ಎರಡು ಮಾತು. ಹುಡುಗ ಮೊಬೈಲಿನಲ್ಲಿ ಆಟ ಆಡುತ್ತಾನೆ. ಹೆಚ್ಚಾಗಿ ಗುಂಡು ಹಾರಿಸುವ ಆಟ. ನೂರು ಜನ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಕೊನೆಗೆ ಉಳಿದವನು ಗೆದ್ದ. ಆಡುತ್ತಾ ಆಡುತ್ತಾ ಹುಡುಗ ಮಾತಾಡುತ್ತಾನೆ, ತಮಾಷೆ ಮಾಡುತ್ತಾನೆ, ಸೋತಾಗ ತಲೆ ಚಚ್ಚಿಕೊಳ್ಳುತ್ತಾನೆ. ಅದೆಲ್ಲ ರೆಕಾರ್ಡಾಗಿ ಯೂಟ್ಯೂಬಿಗೆ ಹೋಗುತ್ತದೆ. ಕೆಲವೊಮ್ಮೆ ಆಡುವಾಗಲೇ ನೇರ ಪ್ರಸಾರ.

"ಬೇರೆಯವನು ಆಡೋದನ್ನ ನೋಡೋರು ಯಾರು?" ಎಂದು ಕೇಳಬೇಡಿ. ಹೈಸ್ಕೂಲ್ ಮೈದಾನದಲ್ಲಿ ಮ್ಯಾಚ್ ನಡೆದರೆ ಬ್ಯಾಟು ಹಿಡಿಯಲು ಬಾರದವರೂ ನಿಂತು ನೋಡುವುದಿಲ್ಲವೇ? ಬೆಳಗಿನ ಹರಿಹರದ ಬಸ್ಸಿನಲ್ಲಿ ಪಕ್ಕದ ಸೀಟಿನ ಕಾಲೇಜು ಹುಡುಗ ಮೊಬೈಲಿಗೆ ಮುಖವಿಟ್ಟು ಏನು ನೋಡುತ್ತಾನೆಂದು ಒಮ್ಮೆ ಬಗ್ಗಿ ನೋಡಿ. ಉತ್ತರ ಅಲ್ಲೇ ಇದೆ.

ಜಿಯೋ ಸಿಮ್ಮು 2016ರ ಸೆಪ್ಟೆಂಬರಿನಲ್ಲಿ ಬಂದು ಇಂಟರ್‌ನೆಟ್ ಅಗ್ಗವಾಯಿತು. ಅದಾದ ಮೇಲೆ ಪಬ್‌ಜಿ ಎಂಬ ಆಟ ಮೊಬೈಲಿಗೆ ಇಳಿಯಿತು. ನಮ್ಮ ಹುಡುಗ ಚಾನೆಲ್ ಶುರು ಮಾಡಿದ್ದು 2019ರಲ್ಲಿ, ಪಿಯುಸಿ ಓದುವಾಗ. ಮೊದಲ ವಿಡಿಯೋ ನೋಡಿದವರು ಹನ್ನೊಂದು ಜನ. ಅದರಲ್ಲಿ ಆರು ಸಲ ನೋಡಿದ್ದು ತಾನೇ ಎಂದು ಅವನೇ ಒಪ್ಪಿಕೊಂಡ.

ಸಾವಿರ ಜನ, ನಾಲ್ಕು ಸಾವಿರ ಗಂಟೆ

ವಿಡಿಯೋ ಹಾಕಿದ ಕೂಡಲೇ ದುಡ್ಡು ಬರುತ್ತದೆಂದು ತಿಳಿದವರು ಬಹಳ. ಬರುವುದಿಲ್ಲ. 2017ರಲ್ಲಿ ಒಟ್ಟು 10,000 ಸಲ ವಿಡಿಯೋ ನೋಡಿದ್ದರೆ ಸಾಕು ಎಂಬ ನಿಯಮವಿತ್ತು. 2018ರ ಜನವರಿಯಲ್ಲಿ ಯೂಟ್ಯೂಬ್ ಅದನ್ನು ಬಿಗಿ ಮಾಡಿತು. ಜಾಹೀರಾತಿನ ಹಣದಲ್ಲಿ ಪಾಲು ಬೇಕಾದರೆ 1,000 ಸಬ್‌ಸ್ಕ್ರೈಬರ್‌ಗಳಿರಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ ಒಟ್ಟು 4,000 ಗಂಟೆ ವಿಡಿಯೋ ನೋಡಿರಬೇಕು.

ಸಾವಿರ ಜನ ಕೇಳಲು ಸಣ್ಣದು. ಗಂಟೆಯ ಲೆಕ್ಕ ನೋಡಿ. 4,000 ಗಂಟೆ ಅಂದರೆ 2,40,000 ನಿಮಿಷ. ಹತ್ತು ನಿಮಿಷದ ವಿಡಿಯೋ ಹಾಕಿದರೆ ಪೂರ್ತಿ ನೋಡುವವರು ಕಡಿಮೆ. ಒಬ್ಬೊಬ್ಬ ಮೂರು ನಿಮಿಷ ನೋಡಿದ ಅಂತಿಟ್ಟುಕೊಂಡರೂ 80,000 ಸಲ ನೋಡಬೇಕು. ಅದೂ ಒಂದು ವರ್ಷದೊಳಗೆ. ಹದಿಮೂರನೇ ತಿಂಗಳು ಬಂತೆಂದರೆ ಮೊದಲನೇ ತಿಂಗಳ ಗಂಟೆಗಳು ಲೆಕ್ಕದಿಂದ ಬಿದ್ದು ಹೋಗುತ್ತವೆ. ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಹೊಯ್ಯುವ ಕೈ ನಿಂತರೆ ಕೊಡ ಖಾಲಿ.

ಈಗ ತುಂಡು ವಿಡಿಯೋಗಳ ಕಾಲ. ಶಾರ್ಟ್ಸ್ ಅನ್ನುತ್ತಾರೆ. ಹುಡುಗರು ಬೇಗ ಹೆಸರಾಗಲೆಂದು ಅದಕ್ಕೆ ಬೀಳುತ್ತಾರೆ. ಆದರೆ ಶಾರ್ಟ್ಸ್ ಸರದಿಯಲ್ಲಿ ಬೆರಳಾಡಿಸಿ ನೋಡಿದ ಸಮಯ ಆ 4,000 ಗಂಟೆಗೆ ಸೇರುವುದಿಲ್ಲ. ಅದಕ್ಕೆ ಬೇರೆ ಅಳತೆ: 90 ದಿನದಲ್ಲಿ ಒಂದು ಕೋಟಿ ವೀಕ್ಷಣೆ. 2023ರಲ್ಲಿ 500 ಜನ, 3,000 ಗಂಟೆ ಎಂಬ ಕೆಳಗಿನ ಮೆಟ್ಟಿಲೊಂದನ್ನು ಕಟ್ಟಿದರು, ನಿಜ. ಆ ಮೆಟ್ಟಿಲಲ್ಲಿ ಅಭಿಮಾನಿಗಳು ಕೈಯೆತ್ತಿ ಕೊಡುವ ಕಾಣಿಕೆ ಸಿಗಬಹುದು. ಜಾಹೀರಾತಿನ ಪಾಲಿಗೆ ಹಳೇ ಅಳತೆಯೇ ಇದೆ.

ಇಲ್ಲೇ ಮೊದಲ ಮೋಸಗಾರರು ಕಾದಿರುತ್ತಾರೆ. "ನೀನು ನನ್ನ ಚಾನೆಲ್ ಒತ್ತು, ನಾನು ನಿನ್ನ ಚಾನೆಲ್ ಒತ್ತುತ್ತೀನಿ" ಅನ್ನುವವರು ಒಂದು ಕಡೆ. "ಎರಡು ಸಾವಿರ ಕೊಡು, ಸಾವಿರ ಸಬ್‌ಸ್ಕ್ರೈಬರ್ ಕೊಡ್ತೀನಿ" ಅನ್ನುವವರು ಇನ್ನೊಂದು ಕಡೆ. ಎರಡೂ ಯೂಟ್ಯೂಬಿನ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಚಾನೆಲ್ಲೇ ಹೋಗಬಹುದು. ಸಿಕ್ಕದಿದ್ದರೂ ಕೊಂಡು ತಂದ ಸಾವಿರ ಜನ ವಿಡಿಯೋ ನೋಡುವುದಿಲ್ಲ. ಬಾಡಿಗೆ ಜನ ತಂದು ಸಭೆ ತುಂಬಿಸಿದರೆ ಓಟು ಬೀಳುತ್ತದೆಯೇ? ನಮ್ಮ ಹುಡುಗ ಎರಡು ಸಾವಿರ ಕೊಡಲು ಹೊರಟಿದ್ದ. ಗಲ್ಲಾದಿಂದ ತೆಗೆಯುವಾಗ ಅಪ್ಪಾಜಿ ಕೈಗೆ ಸಿಕ್ಕಿಬಿದ್ದು ಉಳಿದುಕೊಂಡ.

ನೂರಕ್ಕೆ ನಲವತ್ತೈದು ದಲಾಲಿ

ಇನ್ನು ವ್ಯಾಪಾರದ ಮಾತು. ವಿಡಿಯೋದ ಜೊತೆ ಬರುವ ಜಾಹೀರಾತಿಗೆ ಕಂಪನಿ ನೂರು ರೂಪಾಯಿ ಕೊಟ್ಟರೆ ಹುಡುಗನಿಗೆ 55, ಯೂಟ್ಯೂಬಿಗೆ 45. ಶಾರ್ಟ್ಸ್ ಬಾಬತ್ತಿನಲ್ಲಿ ಹುಡುಗನ ಪಾಲು ಇನ್ನೂ ಕಡಿಮೆ, ನೂರಕ್ಕೆ 45.

ನಮ್ಮ ಎ.ಪಿ.ಎಂ.ಸಿ. ಮಂಡಿಯಲ್ಲಿ ದಲಾಲರು ನೂರಕ್ಕೆ ನಲವತ್ತೈದು ಕೇಳಲಿ ನೋಡೋಣ. ರೈತ ಮೆಕ್ಕೆಜೋಳದ ಚೀಲ ಹೊತ್ತುಕೊಂಡು ವಾಪಸ್ ಹೋಗುತ್ತಾನೆ.

ಆದರೆ ನ್ಯಾಯವಾಗಿ ಮಾತಾಡಬೇಕು. ಈ ಮಂಡಿಯವನು ಅಡ್ವಾನ್ಸ್ ಕೇಳುವುದಿಲ್ಲ, ಬಾಡಿಗೆ ಕೇಳುವುದಿಲ್ಲ. ಲೈಸೆನ್ಸ್, ಬೋರ್ಡಿನ ತೆರಿಗೆ ಯಾವುದೂ ಇಲ್ಲ. ಮಂಡಿಪೇಟೆ ಹುಡುಗನ ಸರಕನ್ನು ದುಬೈವರೆಗೆ ಪುಕ್ಕಟೆ ಸಾಗಿಸುತ್ತಾನೆ. ಈ ಊರಿನಲ್ಲಿ ಹತ್ತಡಿ ಮಳಿಗೆಗೆ ಎಷ್ಟು ಪಗಡಿ ಕೇಳುತ್ತಾರೆಂದು ಓದುಗರಿಗೆ ಹೇಳಬೇಕಿಲ್ಲ. ಆ ಲೆಕ್ಕದಲ್ಲಿ ನಲವತ್ತೈದು ದುಬಾರಿಯೋ ಅಗ್ಗವೋ ಅವರವರೇ ತೂಗಿಕೊಳ್ಳಲಿ.

ನಮ್ಮ ಹುಡುಗನಿಗೆ ಪಾಲು ಶುರುವಾದದ್ದು 2022ರ ಜನವರಿಯಲ್ಲಿ. ಖಾತೆಯಲ್ಲಿ ಹತ್ತು ಡಾಲರ್ ಕೂಡಿದ ಮೇಲೆ ಮನೆ ವಿಳಾಸ ಖಾತ್ರಿ ಮಾಡಲು ಗೂಗಲ್‌ನವರು ಅಂಚೆಯಲ್ಲಿ ಒಂದು ಗುಪ್ತ ಸಂಖ್ಯೆ ಕಳಿಸುತ್ತಾರೆ. ಪೋಸ್ಟ್‌ಮ್ಯಾನ್ ಆ ಕಾಗದ ತಂದಾಗ ಹುಡುಗ ಮನೆಯಲ್ಲಿರಲಿಲ್ಲ. ವಿದೇಶಿ ಹೆಸರು ಕಂಡ ಯಜಮಾನರು ತೆರಿಗೆ ನೋಟೀಸು ಬಂತೆಂದು ಮೂರು ದಿನ ನಿದ್ದೆ ಮಾಡಲಿಲ್ಲ. ಕಾಗದವನ್ನು ವಕೀಲರ ಹತ್ತಿರ ಒಯ್ದು ತೋರಿಸಿ, ಅವರಿಗೆ ಇನ್ನೂರು ರೂಪಾಯಿ ಕೊಟ್ಟು ಬಂದರು. "ನನ್ನ ಚಾನೆಲಿಗೆ ಅಪ್ಪಾಜಿ ಹಾಕಿದ ಮೊದಲ ಬಂಡವಾಳ ಅದೇ" ಎಂದು ಹುಡುಗ ನಗುತ್ತಾನೆ.

ಹತ್ತು ಡಾಲರ್ ಆದರೂ ಕೈಗೆ ಬರುವುದಿಲ್ಲ. ನೂರು ಡಾಲರ್ ತುಂಬಬೇಕು. ನಮ್ಮ ಹುಡುಗನಿಗೆ ಅದಕ್ಕೆ ಹದಿಮೂರು ತಿಂಗಳು ಹಿಡಿಯಿತು. ಬ್ಯಾಂಕಿಗೆ ಬಿದ್ದದ್ದು ಎಂಟು ಸಾವಿರ ಚಿಲ್ಲರೆ. ತಿಂಗಳಿಗೆ ಭಾಗಿಸಿದರೆ ಆರುನೂರು ಚಿಲ್ಲರೆ. ಪೇಟೆಯಲ್ಲಿ ಹಮಾಲಿ ಮಾಡುವವನು ಕೇಳಿದರೆ ಬಿದ್ದು ಬಿದ್ದು ನಗುತ್ತಾನೆ.

ಇಷ್ಟು ಕಡಿಮೆ ಯಾಕೆ? ಜಾಹೀರಾತಿನ ದರ ನೋಡುವವನ ಜೇಬಿನ ಮೇಲೆ ನಿಂತಿದೆ. ಅಮೆರಿಕದವನು ನೋಡಿದರೆ ಒಂದು ದರ, ನಮ್ಮವನು ನೋಡಿದರೆ ಇನ್ನೊಂದು. ಬ್ಯಾಂಕು, ಸಾಲ, ಷೇರಿನ ವಿಡಿಯೋಗೆ ಒಂದು ದರ, ಆಟದ ವಿಡಿಯೋಗೆ ಇನ್ನೊಂದು. ಆಟದ ವಿಡಿಯೋ ನೋಡುವವರಲ್ಲಿ ಸ್ಕೂಲು-ಕಾಲೇಜು ಹುಡುಗರು ಬಹಳ, ಕೊಳ್ಳುವ ಶಕ್ತಿ ಇಲ್ಲ. ಹಿನ್ನೆಲೆಗೆ ಒಂದು ಸಿನಿಮಾ ಹಾಡು ಹಾಕಿದರೆ ಬರುವ ಆ ಚಿಲ್ಲರೆಯೂ ಹಾಡಿನ ಹಕ್ಕು ಇರುವ ಕಂಪನಿಗೆ ಹೋಗಬಹುದು. ಹಾಡು ಗುರುತಿಸುವುದಕ್ಕೆ ಅಲ್ಲಿ ಯಂತ್ರವೇ ಇದೆ.

ರಾತ್ರೋರಾತ್ರಿ ಬಿದ್ದ ಬೀಗ

ಇಷ್ಟಾದರೂ ಹುಡುಗ ಹೊಟ್ಟೆಕಟ್ಟಿ ಬೆಳೆಯುತ್ತಿದ್ದ. ಆದರೆ ಈ ವ್ಯಾಪಾರದಲ್ಲಿ ಮಾಲೀಕರು ಒಬ್ಬರಲ್ಲ, ಮೂವರು. ಜಾಗದ ಮಾಲೀಕ ಯೂಟ್ಯೂಬ್. ಸರಕಿನ ಮಾಲೀಕ ಆಟದ ಕಂಪನಿ. ಇಬ್ಬರ ಮೇಲೂ ಸರ್ಕಾರ.

2020ರಲ್ಲಿ ಲಾಕ್‌ಡೌನ್ ಬಂತು. ಎಲ್ಲರೂ ಮನೆಯಲ್ಲಿ. ಹುಡುಗನ ಪಬ್‌ಜಿ ವಿಡಿಯೋಗಳಿಗೆ ಜನ ಏರಿದರು, ಆಗಸ್ಟ್ ಹೊತ್ತಿಗೆ ಆರುನೂರು ದಾಟಿದರು. ಗಡಿಯಲ್ಲಿ ಗಾಲ್ವಾನ್ ಘಟನೆ ನಡೆದಿತ್ತು. ಪಬ್‌ಜಿ ಮೂಲದಲ್ಲಿ ಕೊರಿಯಾದ ಆಟವಾದರೂ ಭಾರತದಲ್ಲಿ ಅದರ ಮೊಬೈಲ್ ಆಟ ನಡೆಸುತ್ತಿದ್ದದ್ದು ಚೀನಾದ ಟೆನ್ಸೆಂಟ್. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಪಟ್ಟಿಯಲ್ಲಿ ಪಬ್‌ಜಿ ಇತ್ತು. ದೇಶದ ಭದ್ರತೆಯ ಮಾತು, ಅದನ್ನು ನಾವು ಪ್ರಶ್ನಿಸುವುದಿಲ್ಲ. ಆದರೆ ಮಂಡಿಪೇಟೆಯಲ್ಲಿ ಏನಾಯಿತು? ಹುಡುಗನ ಅಂಗಡಿ ಇತ್ತು, ಬೋರ್ಡು ಇತ್ತು, ಮಾರುವ ಸರಕು ಇರಲಿಲ್ಲ.

ಹುಡುಗ ಫ್ರೀ ಫೈರ್ ಎಂಬ ಇನ್ನೊಂದು ಆಟಕ್ಕೆ ಹೋದ. ಸಿಂಗಾಪುರದ ಕಂಪನಿಯ ಆಟ. ಪಬ್‌ಜಿಗಾಗಿ ಬಂದ ಗಿರಾಕಿ ಅದಕ್ಕೆ ಬರಲಿಲ್ಲ. ಮತ್ತೆ ಮೊದಲಿನಿಂದ ಜನ ಕೂಡಿಸಿ, ಒಂದೂಕಾಲು ವರ್ಷ ಬೆವರು ಸುರಿಸಿ, ಪಾಲು ಶುರುವಾಗಿ ಒಂದೂವರೆ ತಿಂಗಳು ಆಗಿತ್ತಷ್ಟೆ. 2022ರ ಫೆಬ್ರವರಿ 14ರಂದು 54 ಆ್ಯಪ್‌ಗಳ ನಿಷೇಧದ ಸುದ್ದಿ ಬಂತು. ಅದರಲ್ಲಿ ಫ್ರೀ ಫೈರ್! ಅದರ ಅಣ್ಣನಂತಿದ್ದ ಫ್ರೀ ಫೈರ್ ಮ್ಯಾಕ್ಸ್ ಮಾತ್ರ ಉಳಿಯಿತು. ಅದಕ್ಕೆ ಒಳ್ಳೇ ಫೋನು ಬೇಕು ಎಂದು ಹುಡುಗ ಅಪ್ಪಾಜಿ ಕಾಲು ಹಿಡಿದ.

ಅಷ್ಟರಲ್ಲಿ ಪಬ್‌ಜಿ ಹೆಸರು ಬದಲಿಸಿಕೊಂಡು ಬಂದಿತ್ತು. ಕೊರಿಯಾದ ಕ್ರಾಫ್ಟನ್ ಕಂಪನಿ 2021ರ ಜುಲೈ 2ರಂದು ಬಿ.ಜಿ.ಎಂ.ಐ. ಎಂದು ಅದನ್ನು ಭಾರತಕ್ಕೆಂದೇ ಇಳಿಸಿತ್ತು. ಹುಡುಗ ಅದಕ್ಕೆ ಜಿಗಿದ. 2022ರ ಜುಲೈ 28ರಂದು ಅದೂ ಆ್ಯಪ್ ಅಂಗಡಿಗಳಿಂದ ಮಾಯ. ಫೋನಿನಲ್ಲಿ ಮೊದಲೇ ಇದ್ದವರು ಆಡಿಕೊಂಡರು, ಹೊಸಬರು ಬರುವ ಬಾಗಿಲು ಮುಚ್ಚಿತು. ಹತ್ತು ತಿಂಗಳ ನಂತರ, 2023ರ ಮೇ ಕೊನೆಯಲ್ಲಿ, ಮೂರು ತಿಂಗಳ ಪರೀಕ್ಷೆಯ ಕರಾರಿನ ಮೇಲೆ ಅದು ವಾಪಸ್ ಬಂತು.

ಎರಡು ವರ್ಷದೊಳಗೆ ಮೂರು ಸಲ ಬೀಗ. ಹುಡುಗನ ತಪ್ಪು ಒಂದೂ ಇಲ್ಲ.

ದಾವಣಗೆರೆಗೆ ಇದು ಹೊಸದೇನಲ್ಲ. ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಒಂದೇ ಗೇಟನ್ನು ನಂಬಿದ ಸಂಸಾರಗಳು ಏನಾದವೆಂದು ಈ ಊರು ಕಂಡಿದೆ. ನಮ್ಮ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನೂ ಊರು ಕಂಡಿದೆ. ಡೇರೆ ಅವರದು, ಟಿಕೆಟ್ಟು ಅವರದು, ನಾಟಕ ಅವರದು. ಒಂದು ಊರಿನಲ್ಲಿ ಕಲೆಕ್ಷನ್ ಆಗದಿದ್ದರೆ ಗೂಟ ಕಿತ್ತು ಇನ್ನೊಂದು ಊರಿಗೆ ಹೋಗಬಹುದಿತ್ತು. ಗೇಮಿಂಗ್ ಚಾನೆಲ್ಲಿನ ಹುಡುಗನಿಗೆ ಕೀಳಲು ಸ್ವಂತ ಗೂಟವೂ ಇಲ್ಲ.

ಹಿಂದಿ ಬಿಟ್ಟು ನಮ್ಮ ಮಾತು

ಹಾಗಾದರೆ ಹದಿನಾಲ್ಕು ಸಾವಿರ ಜನ ಎಲ್ಲಿಂದ ಬಂದರು? ಇದೇ ಈ ಕಥೆಯ ಒಳ್ಳೇ ಭಾಗ.

ಮೊದಲ ನಾಲ್ಕು ವರ್ಷ ಹುಡುಗ ಹಿಂದಿಯಲ್ಲಿ ಮಾತಾಡುತ್ತಿದ್ದ. ಉತ್ತರದ ದೊಡ್ಡ ದೊಡ್ಡ ಚಾನೆಲ್‌ಗಳನ್ನು ನೋಡಿ ಕಲಿತ ಹಿಂದಿ. ಅಲ್ಲಿ ಸಾವಿರಾರು ಹುಡುಗರು ಅದೇ ಆಟ, ಅದೇ ನಕ್ಷೆ, ಅದೇ ಕಿರುಚಾಟ. ಅವರ ಮಧ್ಯೆ ಮಂಡಿಪೇಟೆಯ ಹರುಕು ಹಿಂದಿ ಯಾರಿಗೆ ಬೇಕು?

2023ರಲ್ಲಿ ಬಿ.ಜಿ.ಎಂ.ಐ. ಇಲ್ಲದ ಹೊತ್ತಿನಲ್ಲಿ, ಹೇಗೂ ಯಾರೂ ನೋಡುವುದಿಲ್ಲವೆಂದು, ಒಂದು ಕಥೆಯ ಆಟವನ್ನು ದಾವಣಗೆರೆ ಮಾತಿನಲ್ಲೇ ಆಡಿ ಹಾಕಿದ. ಕಳ್ಳರು ಬೆನ್ನು ಹತ್ತಿದಾಗ "ಅಯ್ಯೋ ಶಿವನೆ, ಅಶೋಕ ಟಾಕೀಸ್ ಗೇಟ್ ಹಾಕಿಬಿಟ್ರು, ಎಲ್ಲಿಗೆ ಓಡ್ಲಿ" ಎಂದ. ಆ ಒಂದು ಮಾತಿಗೆ ಜನ ಬಿದ್ದು ಬಿದ್ದು ನಕ್ಕರು. ಚಿತ್ರದುರ್ಗ, ರಾಣೆಬೆನ್ನೂರು, ಶಿವಮೊಗ್ಗದಿಂದ ನೋಡುವವರು ಬಂದರು. ಎಣಿಕೆ ಹಿಂದಿಗಿಂತ ನಿಧಾನ. ಆದರೆ ಬಂದವರು ಆಟಕ್ಕಾಗಿ ಬಂದವರಲ್ಲ, ಹುಡುಗನ ಮಾತಿಗಾಗಿ ಬಂದವರು. ಆಟ ಬದಲಾದರೂ ಅವರು ಹೋಗಲಿಲ್ಲ.

ದುಬೈನಲ್ಲಿ ಗಾಡಿ ಓಡಿಸುವ ಕೊಪ್ಪಳ ಕಡೆಯವರೊಬ್ಬರು ಪ್ರತಿ ನೇರ ಪ್ರಸಾರಕ್ಕೂ ಬರುತ್ತಾರಂತೆ. "ತಮ್ಮಾ, ಆಟ ನನಗ ತಿಳಿಯಂಗಿಲ್ಲ. ಕನ್ನಡ ಮಾತು ಕೇಳಾಕ ಬರ್ತೀನಿ" ಎಂದು ಬರೆಯುತ್ತಾರಂತೆ. ಇದನ್ನು ಹೇಳುವಾಗ ಹುಡುಗ ಮಿರ್ಚಿ ತಿನ್ನುವುದನ್ನು ನಿಲ್ಲಿಸಿದ್ದ.

ಸಣ್ಣ ಊರಿನವರು ಮೇಲೆ ಬರುವುದೇ ಇಲ್ಲವೆಂದಲ್ಲ. 2024ರ ಏಪ್ರಿಲ್‌ನಲ್ಲಿ ಪ್ರಧಾನಿ ಮೋದಿಯವರು ದೇಶದ ಕೆಲವು ಹೆಸರಾಂತ ಗೇಮರ್‌ಗಳನ್ನು ಕರೆಸಿ ಮಾತಾಡಿದರು. ಅವರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಕಡೆಯ ಹುಡುಗಿ ಪಾಯಲ್ ಧಾರೆ ಇದ್ದರು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರದರ್ಶನ ಸ್ಪರ್ಧೆಯಾಗಿದ್ದ ಇ-ಸ್ಪೋರ್ಟ್ಸ್‌ನಲ್ಲಿ ಕಂಚು ಗೆದ್ದ ತೀರ್ಥ್ ಮೆಹ್ತಾ ಇದ್ದರು. ನಮ್ಮ ರಾಜ್ಯ ಸರ್ಕಾರವೂ 2024-29ರ ಅವಧಿಗೆ ಅನಿಮೇಷನ್ ಮತ್ತು ಗೇಮಿಂಗ್ ನೀತಿ ತಂದಿದೆ. ಆ ನೀತಿಯ ಕಾಗದ ಮಂಡಿಪೇಟೆಗೆ ಇನ್ನೂ ಬಂದು ಮುಟ್ಟಿಲ್ಲ ಎಂಬುದು ಬೇರೆ ಮಾತು.

ಆದರೆ ಲಾಟರಿ ಹೊಡೆದವನ ಫೋಟೋ ಪೇಪರಿನಲ್ಲಿ ಬರುತ್ತದೆ. ಚೀಟಿ ಹರಿದು ಹಾಕಿದವರ ಫೋಟೋ ಬರುವುದಿಲ್ಲ.

ಜೂಜಿನವರ ಫೋನು

ಈಗ ಕಹಿ ಮಾತು. 2023ರ ಬೇಸಿಗೆಯಲ್ಲಿ, ಐ.ಪಿ.ಎಲ್. ಹೊತ್ತಿಗೆ, ಹುಡುಗನಿಗೆ ಒಂದು ಫೋನು ಬಂತು. ಬಣ್ಣ ಹೇಳುವ ಆ್ಯಪ್. ಕೆಂಪೋ ಹಸಿರೋ ಹೇಳು, ಸರಿಯಾದರೆ ದುಡ್ಡು ಡಬಲ್. ಮೂರು ವಿಡಿಯೋದಲ್ಲಿ ಅದರ ಲಿಂಕು ಹಾಕಿ ಎರಡು ಮಾತು ಹೊಗಳಿದರೆ ಒಂದೊಂದಕ್ಕೆ ಐದು ಸಾವಿರ.

ಹದಿಮೂರು ತಿಂಗಳು ದುಡಿದು ಎಂಟು ಸಾವಿರ ಕಂಡವನಿಗೆ ಒಂದು ವಾರದಲ್ಲಿ ಹದಿನೈದು ಸಾವಿರ! ಹುಡುಗ ಒಪ್ಪಿದ. ಹಣ ಕೂಡಲೇ ಬಂತು. ಜೂಜಿನವರು ಆ ವಿಷಯದಲ್ಲಿ ಬಹಳ ಪ್ರಾಮಾಣಿಕರು.

ನಮ್ಮ ಹಿರಿಯ ಓದುಗರಿಗೆ ಓ.ಸಿ. ಗೊತ್ತು. ಚೀಟಿ ಬರೆಯುವವನು ಗಲ್ಲಿಯ ಬಾಯಲ್ಲಿ ನಿಲ್ಲುತ್ತಿದ್ದ. ಮರ್ಯಾದಸ್ಥರು ಅವನನ್ನು ದಾಟಿ ಹೋಗುವಾಗ ಮುಖ ತಿರುಗಿಸುತ್ತಿದ್ದರು. ಈಗ ಆ ಚೀಟಿಯವನು ನಮ್ಮ ಮಕ್ಕಳು ನಂಬುವ ಹುಡುಗನ ಬಾಯಲ್ಲಿ ಮಾತಾಡುತ್ತಾನೆ. ವ್ಯತ್ಯಾಸ ಇಷ್ಟೆ.

ಮೂರನೇ ವಾರ ಹರಿಹರದಿಂದ ಒಬ್ಬ ನೋಡುಗ ಬರೆದ. ಡಿಪ್ಲೊಮಾ ಓದುವ ಹುಡುಗ. "ಅಣ್ಣಾ, ನೀನು ಹೇಳಿದೆ ಅಂತ ಹಾಕಿದೆ. ಫೀಸಿನ ಏಳು ಸಾವಿರ ಹೋಯ್ತು. ಮನೇಲಿ ಏನ್ ಹೇಳ್ಲಿ?" ನಮ್ಮ ಹುಡುಗ ಮೂರೂ ವಿಡಿಯೋ ಅಳಿಸಿದ. ಏಳು ಸಾವಿರ ಕಳಿಸುತ್ತೇನೆ, ನಂಬರ್ ಕೊಡು ಎಂದು ಬರೆದ. ಉತ್ತರ ಬರಲಿಲ್ಲ. ಆ ಹುಡುಗ ಚಾನೆಲ್ ಬಿಟ್ಟು ಹೋಗಿದ್ದ. ಇವತ್ತಿನವರೆಗೂ ಬಂದಿಲ್ಲ.

ಕಾನೂನು ಆಗ ಏನು ಮಾಡುತ್ತಿತ್ತು? ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. ಆಟದ ಕಂಪನಿಗಳ ಕಡೆಯವರು ಹೈಕೋರ್ಟಿಗೆ ಹೋದರು, ತಿದ್ದುಪಡಿಯ ಆ ಭಾಗ ಬಿದ್ದುಹೋಯಿತು. ತೀರ್ಪು ಬಂದ ದಿನ 2022ರ ಫೆಬ್ರವರಿ 14. ಓದುಗರು ಗಮನಿಸಬೇಕು: ಫ್ರೀ ಫೈರ್ ನಿಷೇಧದ ಸುದ್ದಿ ಬಂದದ್ದೂ ಅದೇ ದಿನ. ಹುಡುಗರು ಸುಮ್ಮನೆ ಆಡುವ ಆಟಕ್ಕೆ ಬೀಗ ಬಿದ್ದ ದಿನವೇ ದುಡ್ಡಿನ ಆಟಕ್ಕೆ ಬಾಗಿಲು ತೆರೆಯಿತು. ಯಾರೂ ಬೇಕೆಂದು ಮಾಡಿದ್ದಲ್ಲ. ಆದರೆ ಹಾಗೆ ಆಯಿತು.

2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತು. 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ. ಇಷ್ಟು ಅವಸರದಲ್ಲಿ ನಮ್ಮ ಊರಿನ ಒಂದು ಚರಂಡಿಯೂ ಮಂಜೂರಾಗುವುದಿಲ್ಲ. ಕಾಯ್ದೆ ಎರಡನ್ನು ಬೇರೆ ಮಾಡಿದೆ. ಇ-ಸ್ಪೋರ್ಟ್ಸ್ ಮತ್ತು ಸುಮ್ಮನೆ ಆಡುವ ಆಟಗಳಿಗೆ ಮಾನ್ಯತೆ. ಹಣ ಕಟ್ಟಿ ಹಣ ಗೆಲ್ಲುವ ಆಟಕ್ಕೆ ನಿಷೇಧ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, ಐವತ್ತು ಲಕ್ಷದವರೆಗೆ ದಂಡ. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿದ್ದ ಡ್ರೀಮ್ 11 ಹೆಸರೇ ಆಗ ಇಳಿಯಿತು.

ಜಾಹೀರಾತು ಮಾಡಿದವರು ಅಂದರೆ ಬರೀ ಸಿನಿಮಾ ನಟರಲ್ಲ, ಕ್ರಿಕೆಟಿಗರಲ್ಲ. ಐದು ಸಾವಿರಕ್ಕೆ ಲಿಂಕು ಹಾಕುವ ಓಣಿಯ ಹುಡುಗನೂ ಸೇರುತ್ತಾನೆ. ನಟನಿಗೆ ವಕೀಲರಿದ್ದಾರೆ. ಹುಡುಗನಿಗೆ ಯಾರಿದ್ದಾರೆ?

ಮಾಡಬೇಕೇ, ಬಿಡಬೇಕೇ?

ಹುಡುಗನ ಆರು ವರ್ಷದ ಲೆಕ್ಕವನ್ನು ಹಾಗೇ ಇಡುತ್ತೇವೆ. ಖರ್ಚು: ಎರಡು ಫೋನಿಗೆ 31,000, ಹಳೇ ಕಂಪ್ಯೂಟರಿಗೆ 32,000, ಮೈಕು-ಲೈಟು-ಹೆಡ್‌ಫೋನಿಗೆ 5,500. ಒಟ್ಟು 68,500. ಇಂಟರ್‌ನೆಟ್ ಮತ್ತು ಕರೆಂಟು ಅಪ್ಪಾಜಿ ಬಾಬತ್ತು, ಲೆಕ್ಕಕ್ಕಿಲ್ಲ. ಆದಾಯ: ಯೂಟ್ಯೂಬಿನಿಂದ ನಾಲ್ಕು ಸಲ ಬಂದದ್ದು ಸೇರಿ 41,000. ಊರಿನ ಹಳೇ ಮೊಬೈಲ್ ಮಾರುವ ಅಂಗಡಿ, ಫ್ಲೆಕ್ಸ್ ಅಂಗಡಿ, ರಿಪೇರಿ ಅಂಗಡಿಯವರು ಎರಡು ವರ್ಷದಲ್ಲಿ ಕೊಟ್ಟ ಜಾಹೀರಾತು 18,000. ಒಟ್ಟು 59,000. ಬಣ್ಣದ ಆ್ಯಪಿನ ಹದಿನೈದು ಸಾವಿರವನ್ನು ಕೆಂಪು ಇಂಕಿನಲ್ಲಿ ಬೇರೆ ಬರೆದಿದ್ದ.

ಆ ಹದಿನೈದು ಸಾವಿರ ಸೇರಿಸಿದರೆ 5,500 ಲಾಭ. ಬಿಟ್ಟರೆ 9,500 ನಷ್ಟ.

ಸಣ್ಣ ಗೇಮಿಂಗ್ ಚಾನೆಲ್ಲಿನ ಪರೀಕ್ಷೆ ಈ ಎರಡು ಅಂಕಿಗಳ ನಡುವೆ ಇದೆ ಎಂದು ನಾವು ತಿಳಿದಿದ್ದೇವೆ. ಪ್ರಾಮಾಣಿಕವಾಗಿ ಮಾಡಿದರೆ ಬಹಳ ದಿನ ನಷ್ಟ. ಆ ನಷ್ಟದ ಹೊತ್ತಿನಲ್ಲೇ ಜೂಜಿನವನು ಫೋನು ಮಾಡುತ್ತಾನೆ. ಆಗ ಇಲ್ಲ ಎನ್ನಬೇಕಾದರೆ ಹೊಟ್ಟೆಪಾಡಿಗೆ ಬೇರೆ ದಾರಿ ಇರಬೇಕು. ಓದು ಬಿಟ್ಟು, ಕೆಲಸ ಬಿಟ್ಟು, ಚಾನೆಲ್ಲನ್ನೇ ನಂಬಿ ಕೂತವನು ಇಲ್ಲ ಎನ್ನಲಾರ.

ಹುಡುಗರಿಗೆ ನಮ್ಮ ಮಾತು: ಒಂದೇ ಆಟ ನಂಬಬೇಡಿ, ನಿಮ್ಮ ಮಾತನ್ನು ನಂಬಿ. ದುಡ್ಡು ತೆಗೆದುಕೊಂಡು ಹೇಳಿದ್ದನ್ನು ಜಾಹೀರಾತು ಅಂತಲೇ ಹೇಳಿ. ಜಾಹೀರಾತು ಕೊಡುತ್ತೇವೆಂದು ಬಂದ ಗುರುತಿಲ್ಲದ ಇ-ಮೇಲಿನ ಫೈಲು ತೆರೆಯಬೇಡಿ. ಹಾಗೆ ತೆರೆದು ಚಾನೆಲ್ಲೇ ಕಳೆದುಕೊಂಡವರಿದ್ದಾರೆ. 2020ರ ಜುಲೈನಲ್ಲಿ ಕ್ಯಾರಿಮಿನಾಟಿಯಂಥ ದೊಡ್ಡವರ ಎರಡನೇ ಚಾನೆಲ್ಲಿಗೂ ಕಳ್ಳರು ಕನ್ನ ಹಾಕಿದ್ದರು. ಬಂದ ಹಣ ಆದಾಯ ತೆರಿಗೆ ಲೆಕ್ಕಕ್ಕೆ ಸೇರುತ್ತದೆ ಎಂಬುದೂ ನೆನಪಿರಲಿ.

ಹೆತ್ತವರಿಗೆ: ಮೊಬೈಲ್ ಕಸಿದುಕೊಳ್ಳಬೇಡಿ, ಲೆಕ್ಕ ಕೇಳಿ. ಹದಿನೆಂಟು ತುಂಬದ ಮಗನ ಚಾನೆಲ್ಲಿನ ಹಣ ಹೇಗಿದ್ದರೂ ನಿಮ್ಮ ಹೆಸರಿನ ಖಾತೆಗೇ ಬರಬೇಕು. ಆಗ ಎಲ್ಲಿಂದ ಬಂತು ಎಂದು ಕೇಳುವ ಹಕ್ಕು ನಿಮಗಿದೆ, ಕೇಳದಿದ್ದರೆ ತಪ್ಪೂ ನಿಮ್ಮದೇ.

ಪೇಟೆಯ ವ್ಯಾಪಾರಿಗಳಿಗೆ: ಗೋಡೆ ಬರಹಕ್ಕೆ, ಫ್ಲೆಕ್ಸಿಗೆ ದುಡ್ಡು ಹಾಕುತ್ತೀರಿ. ನಮ್ಮ ಮಾತಿನಲ್ಲಿ ಸುತ್ತಿನ ನಾಲ್ಕು ಜಿಲ್ಲೆಯ ಹುಡುಗರಿಗೆ ಮುಟ್ಟುವ ಇಂಥ ಚಾನೆಲ್ಲಿಗೆ ತಿಂಗಳಿಗೆ ಐನೂರು ಕೊಟ್ಟು ನೋಡಿ. ಓಣಿಯ ಹುಡುಗ ಜೂಜಿನವರಿಗೆ ಇಲ್ಲ ಎನ್ನಲು ಆ ಐನೂರೇ ಧೈರ್ಯವಾದೀತು.

ಕೊನೆಗೆ ಅಂಗಡಿಯ ವಿಷಯ. ನೋಟ್‌ಬುಕ್ಕನ್ನು ಹಿಡಿದು ನಾವು ಹುಡುಗನ ಜೊತೆ ಮಂಡಿಪೇಟೆಗೆ ಹೋದೆವು. ಯಜಮಾನರು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆವರೆಗೆ ಓದಿದರು. ಹರಿಹರದ ಹುಡುಗನ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಕೆಂಪು ಇಂಕಿನ ಮೇಲೆ ಬೆರಳಿಟ್ಟು ಇದೇನೆಂದು ಕೇಳಿದರು. ಮಗ ಹೇಳಿದ. ಯಜಮಾನರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಗಿರಾಕಿಯೊಬ್ಬರು ಸಕ್ಕರೆ ಕೇಳಿದರು. ಕಟ್ಟಿಕೊಟ್ಟು ಬಂದರು.

"ಇದನ್ನ ಲಾಭಕ್ಕೆ ಹಚ್ಚಬ್ಯಾಡ. ನಷ್ಟ ಬಂದೈತೆ ಅಂದ್ರೆ ನಷ್ಟ ಅಂತಲೇ ಬರಿ. ರಾತ್ರಿ ಎಂಟರ ತನಕ ಅಂಗಡಿಯಾಗಿರು. ಆಮೇಲೆ ನಿನ್ನ ಚಾನೆಲ್ ಮಾಡ್ಕೊ. ತಿಂಗಳಿಗೊಮ್ಮೆ ಪುಸ್ತಕ ನನಗೆ ತೋರಿಸ್ಬೇಕು" ಎಂದರು.

ಹುಡುಗ ತಲೆಯಾಡಿಸಿದ. ನಾವು ಹೊರಡುವಾಗ ಯಜಮಾನರು ಬೇಳೆ ಚೀಲದ ಬಾಯಿ ಕಟ್ಟುತ್ತಾ, ಮಗನ ಕಡೆ ನೋಡದೆಯೇ ಕೇಳಿದರು: "ಹರಿಹರದಾಗೆ ಯಾರ ಮಗ ಅಂತ ಗೊತ್ತಾಗ್ಲಿಲ್ವೇನೋ?"